ಲಾವಂಚದ ಡಬ್ಬಿ

ಚೆನ್ನಕೇಶವ ಸತ್ತ ಮೇಲೆ ಅವನ ಅಂಬಾಸಿಡರ್ ಕಾರನ್ನು ಯಾರೂ ಬಾಡಿಗೆಗೆ ಕರೆಯಲಿಲ್ಲ.

ಅವನು ಸತ್ತಿದ್ದು ಕಾರಿನಲ್ಲಲ್ಲ, ಸೇಲಂನ ಆಸ್ಪತ್ರೆಯಲ್ಲಿ, ಕಾಮಾಲೆ ಮೈಗೆಲ್ಲ ಏರಿ. ಆದರೆ ಹೆಣವನ್ನು ಅದಿಯಮಾನ್‌ಕೋಟೆಯ ಪಕ್ಕದ ಊರಿಗೆ ತಂದದ್ದು ಅದೇ ಕಾರಿನಲ್ಲಿ. ಧರ್ಮಪುರಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಿದ್ದ ಪೆರುಮಾಳ್ ಆವತ್ತು ಸ್ಟಿಯರಿಂಗ್ ಹಿಡಿದಿದ್ದ. ಹಿಂದಿನ ಸೀಟಿನಲ್ಲಿ ಹೆಂಡತಿ ಮುನಿಲಕ್ಷ್ಮಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತೊಪ್ಪೂರು ಘಾಟಿ ಹತ್ತುವಾಗ ಪೆರುಮಾಳ್ ಗಾಜು ಏರಿಸಿ, ಒಂದು ಕಟ್ಟು ಊದುಬತ್ತಿಯನ್ನು ಹಾಗೇ ಹಚ್ಚಿ ಡ್ಯಾಶ್‌ಬೋರ್ಡಿನ ಮೇಲೆ ಸಿಕ್ಕಿಸಿದ. ಒಳಗೆಲ್ಲ ಹೊಗೆ ತುಂಬಿತು. ಅವಳು ಬಗ್ಗಿ ಗಂಡನ ಅಂಗಿಗೆ ಮುಖ ಒತ್ತಿದಳು. ಊದುಬತ್ತಿ ಬಿಟ್ಟು ಬೇರೇನೂ ಸಿಗಲಿಲ್ಲ. ಅದನ್ನು ಆರಿಸು ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಊರು ಬಂತು.

ತಿಥಿಯೆಲ್ಲ ಮುಗಿದು, ಮೈದುನ ಮುರುಗೇಶ್ ಕಾರನ್ನು ಮತ್ತೆ ಸ್ಟ್ಯಾಂಡಿಗೆ ಒಯ್ದ. ಹಿಂದಿನ ಸೀಟನ್ನು ಕಿತ್ತು ತೊಳೆದಿದ್ದ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದ, ಮುಂದೆ ಮೆಣಸಿನಕಾಯಿ ಸರ ಕಟ್ಟಿದ್ದ. ಬಂದವರು ಬಾಗಿಲು ತೆಗೆಯುತ್ತಿದ್ದರು, ಮೂಗು ಸೊಟ್ಟ ಮಾಡುತ್ತಿದ್ದರು, ಪಕ್ಕದ ಗಾಡಿಗೆ ಹೋಗುತ್ತಿದ್ದರು. ಒಳಗೆ ನಿಜವಾಗಿ ವಾಸನೆ ಇತ್ತೋ, ಸಂಗತಿ ಗೊತ್ತಿದ್ದವರ ಮೂಗಿನಲ್ಲಿತ್ತೋ ಹೇಳಲಾಗದು. ಸಂಕ್ರಾಂತಿಯ ಜೊತೆ ತೈ ತಿಂಗಳು ಬಂದು ಮದುವೆಗಳು ಶುರುವಾದವು. ಸ್ಟ್ಯಾಂಡಿನ ಗಾಡಿಗಳೆಲ್ಲ ಹೂವು ಮುಡಿದು ಓಡಾಡಿದವು. ಚೆನ್ನಕೇಶವನ ಗಾಡಿ ಮಾತ್ರ ಬೇವಿನ ನೆರಳಿನಲ್ಲಿ ಮೈಮೇಲೆ ಎಲೆ ಉದುರಿಸಿಕೊಂಡು ನಿಂತಿತ್ತು. ಕೊನೆಗೆ ಮುರುಗೇಶ್ ಅದನ್ನು ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದ.

ಅತ್ತೆ ನಾರಾಯಣಮ್ಮ ಮಾರಿಬಿಡೋಣ ಎಂದಳು. ಆಕೆ ಕಟುಕಿಯಲ್ಲ. ಕುರಿ ಮೇಯಿಸಿ, ಉಣ್ಣೆ ನೂತು, ಮಗ ಕಾರು ಕೊಳ್ಳುತ್ತೇನೆ ಎಂದಾಗ ಮಂದೆಯ ಅರ್ಧವನ್ನು ಬಿಟ್ಟುಕೊಟ್ಟವಳು. ಆ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿರುವುದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ. ಬಂದದ್ದಕ್ಕೆ ನಾಲ್ಕು ಕುರಿ ತಗೊಂಡರೆ ಕಣ್ಣೆದುರು ಏನಾದರೂ ಓಡಾಡಿಕೊಂಡಿರುತ್ತದೆ ಎಂಬುದು ಅವಳ ಲೆಕ್ಕ.

ಮುನಿಲಕ್ಷ್ಮಿ ಬೇಡ ಎಂದಳು. ಯಾಕೆ ಬೇಡ ಎಂದು ಹೇಳಲಿಲ್ಲ. ಗಂಡ ಹೋದಾಗಿನಿಂದ ಅವಳು ಹೆಚ್ಚು ಮಾತಾಡಿರಲಿಲ್ಲ, ಹೆಚ್ಚು ಅತ್ತಿರಲೂ ಇಲ್ಲ. ಓದಿದ ಹುಡುಗಿ, ಕಲ್ಲು ಮನಸ್ಸು ಎಂದು ಊರಿನವರು ಆಡಿಕೊಂಡರು. ಓದಿದ್ದು ನಿಜ. ಸೇಲಂನಲ್ಲಿ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ್ದಳು. ಕಾಲೇಜಿಗೆ ಹೋಗುತ್ತಿದ್ದ ಬಸ್ಸು ಕೆಟ್ಟುನಿಂತ ಒಂದು ದಿನ ಚೆನ್ನಕೇಶವನ ಕಾರು ಹತ್ತಿದ್ದಳು; ಅವರ ಮದುವೆಗೆ ಅದೇ ನಾಂದಿ.

ಮನೆಯೊಳಗೆ ಅವನದು ಏನೂ ಉಳಿದಿರಲಿಲ್ಲ. ಬಟ್ಟೆಗಳನ್ನು ಕೊಟ್ಟಾಗಿತ್ತು, ಗೋಡೆಗೆ ಸುಣ್ಣ ಬಳಿದಾಗಿತ್ತು. ಉಳಿದಿದ್ದು ಕಾರಿನ ಡ್ರೈವರ್ ಸೀಟಿನಲ್ಲಿ ಮಾತ್ರ. ಮುರುಗೇಶ್ ಹಿಂದಿನ ಸೀಟನ್ನು ತಿಕ್ಕಿದಷ್ಟು ಮುಂದಿನದನ್ನು ತಿಕ್ಕಿರಲಿಲ್ಲ. ಮಧ್ಯಾಹ್ನ ಅತ್ತೆ ಕುರಿಯ ಹಿಂದೆ ಹೋದಾಗ ಅವಳು ಆ ಬಾಗಿಲು ತೆಗೆದು, ಕೂತು, ತಲೆ ಒರಗುವ ಜಾಗಕ್ಕೆ ಮೂಗು ಇಡುತ್ತಿದ್ದಳು. ಬೀಡಿ, ಕೊಬ್ಬರಿ ಎಣ್ಣೆ, ಡೀಸೆಲ್ಲು, ಬೆವರು. ಅಷ್ಟೇ. ಅಷ್ಟಕ್ಕಾಗಿ ಕಾರು ಇರಬೇಕಿತ್ತು. ಕಾರು ಇರಬೇಕಾದರೆ ಅದು ಓಡಬೇಕಿತ್ತು.

ಒಂದು ದಿನ ಮುರುಗೇಶ್ ಹೊಟ್ಟೆಗಿಲ್ಲದ ಮುಖ ಮಾಡಿಕೊಂಡು ಬಂದು, ಬೆಂಗಳೂರಿನಿಂದ ಬಂದ ಯಾರದೋ ಮಾರುತಿಯಲ್ಲಿ ಪರಿಮಳದ ಪುಟ್ಟ ಬಾಟಲಿ ಕಂಡೆ, ಅದರೊಳಗೆ ಬಣ್ಣದ ನೀರು ಅಲ್ಲಾಡುತ್ತಿತ್ತು ಎಂದು ಹೇಳಿದ. ಅಂಥದ್ದು ಧರ್ಮಪುರಿಯಲ್ಲಿ ಸಿಗುತ್ತಿರಲಿಲ್ಲ. ಸಿಕ್ಕರೂ ಕೊಳ್ಳುವ ಹಾಗಿರಲಿಲ್ಲ. ಮುನಿಲಕ್ಷ್ಮಿ ಕೇಳಿಸಿಕೊಂಡಳು. ಮಾರನೆಯ ಬೆಳಿಗ್ಗೆ ಖಾಲಿಯಾದ ಹಲ್ಲುಪುಡಿ ಡಬ್ಬಿ ತೊಳೆದು, ಮೊಳೆಯಿಂದ ತೂತು ಹೊಡೆಯುತ್ತಾ ಕೂತಿದ್ದಳು.

ಮೊದಲು ಕಿತ್ತಳೆ ಸಿಪ್ಪೆ ಮತ್ತು ಕರ್ಪೂರ ತುಂಬಿದಳು. ಮಧ್ಯಾಹ್ನದ ಹೊತ್ತಿಗೆ ಕರ್ಪೂರ ಹಾರಿಹೋಗಿತ್ತು. ಆಮೇಲೆ ಲಾವಂಚದ ಒಣ ಬೇರು ಹಾಕಿದಳು, ಅದು ಮೂಗು ತಾಗಿಸಿದರೆ ಮಾತ್ರ ಗೊತ್ತಾಗುತ್ತಿತ್ತು. ಬೇರನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿದಳು. ಎಣ್ಣೆ ಬಿಸಿಲಿಗೆ ಕಮಟು ಹಿಡಿಯಿತು. ಕೊನೆಗೆ ನಾಟಿ ಔಷಧಿಯ ಅಂಗಡಿಯಿಂದ ಲಾವಂಚದ ಎಣ್ಣೆ ತರಿಸಿ, ಅತ್ತೆಯ ಹಳೆಯ ಕಂಬಳಿಯಿಂದ ಬಿಲ್ಲೆಯಷ್ಟು ತುಂಡು ಕತ್ತರಿಸಿ, ಅದಕ್ಕೆ ಹನಿ ಹನಿಯಾಗಿ ಕುಡಿಸಿದಳು. ಉಣ್ಣೆ ಎಣ್ಣೆಯನ್ನು ಹಿಡಿದುಕೊಂಡು ನಿಧಾನವಾಗಿ ಬಿಡುತ್ತದೆ ಎಂಬುದು ಅವಳ ಎಣಿಕೆ. ಎಣಿಕೆ ಸರಿಯಿತ್ತು. ಆದರೆ ಸ್ಟ್ಯಾಂಡಿನ ಬಿಸಿಲಿಗೆ ಕಾದ ಕಂಬಳಿ ಮೊದಲು ಬಿಟ್ಟದ್ದು ಲಾವಂಚದ ವಾಸನೆಯನ್ನಲ್ಲ, ಕುರಿಯ ವಾಸನೆಯನ್ನು. ಪೆರುಮಾಳ್ ಗಾಡಿಯೊಳಗೆ ತಲೆ ತೂರಿಸಿ, ನೆನ್ನೆವರೆಗೂ ಪೊಣವಂಡಿ ಆಗಿತ್ತು, ಇವತ್ತು ಆಟ್ಟುವಂಡಿ ಆಯ್ತಾ, ಹೆಣ ಇಳಿಸಿ ಕುರಿ ಏರಿಸಿದೆಯಾ ಎಂದು ಕೇಳಿದ. ಸ್ಟ್ಯಾಂಡೆಲ್ಲ ನಕ್ಕಿತು. ಮುರುಗೇಶ್ ಮನೆಗೆ ಬಂದು ಡಬ್ಬಿಯನ್ನು ಜಗಲಿಯ ಮೇಲೆ ಕುಕ್ಕಿದ.

"ಅತ್ಗೆ, ಸ್ಟ್ಯಾಂಡಲ್ಲಿ ನನ್ನ ನೋಡಿ 'ಮೇ' ಅಂತಾ ಅವ್ರೆ."

ನಾರಾಯಣಮ್ಮ ಅಂಟುವಾಳದ ಕಾಯಿ ತಂದು ಸೊಸೆಯ ಮುಂದೆ ಸುರಿದಳು. "ಅದನ್ನ ಕುಟ್ಟಿ ಬಿಸಿನೀರಾಗ್ ಒಗಿ. ಉಣ್ಣೇನ ಯಾರಾರ ಹಂಗೇ ಇಕ್ತಾರಾ? ಓದ್ಬುಟ್ರೆ ಆಯ್ತಾ?" ಎಂದಳು. ಗಂಡ ಸತ್ತ ಮೇಲೆ ಮುನಿಲಕ್ಷ್ಮಿಯ ತುಟಿ ನಗುವಿಗೆಂದು ಸ್ವಲ್ಪ ಅಲುಗಿದ್ದು ಆವತ್ತೇ.

ಹೀಗೆ ಡಬ್ಬಿ ತಯಾರಾಯಿತು. ಸೈಕಲ್ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿ, ಡ್ಯಾಶ್‌ಬೋರ್ಡಿನ ಕೆಳಗೆ ಹೊರಗಿನ ಗಾಳಿ ನುಗ್ಗುವ ಕಿಂಡಿಗೆ ಅದನ್ನು ಸಿಕ್ಕಿಸಿದರು. ಗಾಡಿ ಓಡಿದಷ್ಟೂ ಗಾಳಿ ಡಬ್ಬಿಯ ತೂತುಗಳ ಮೂಲಕ ಬಂದು, ಒಳಗೆ ಹೊಸದಾಗಿ ನೀರು ಚಿಮುಕಿಸಿದ ನೆಲದಂಥ ತಂಪು ವಾಸನೆ ಹರಡುತ್ತಿತ್ತು. ಹಳೆಯ ವಾಸನೆಯನ್ನು ಹೀರಿಕೊಳ್ಳಲು ಇದ್ದಿಲು ಕುಟ್ಟಿ ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂದಿನ ಸೀಟಿನ ಕೆಳಗೆ ಇಟ್ಟಳು. ಮುಂದಿನ ಸೀಟಿನ ಕೆಳಗೂ ಇಡಬೇಕೆಂದು ಅವಳಿಗೆ ಗೊತ್ತಿತ್ತು. ಇಡಲಿಲ್ಲ.

ಕೆಲವರು ಹತ್ತಿದರು. ಮುಂದೆ ಕೂತವರು ಮಾತ್ರ ಗಾಜು ಇಳಿಸಿ ಹೊರಗೆ ಮುಖ ಹಾಕುತ್ತಿದ್ದರಂತೆ. ಬೀಡಿ ನಾತ ಎಂದರಂತೆ ಒಬ್ಬರು. ನಾನು ಬೀಡಿ ಸೇದಲ್ಲ ಅಂದ್ರೂ ನಂಬಲ್ಲ ಎಂದು ಮುರುಗೇಶ್ ಹೇಳಿದಾಗ ಮುನಿಲಕ್ಷ್ಮಿ ಅವನ ಮುಖ ನೋಡಿದಳು. ಅವನಿಗೆ ಅದು ಅಣ್ಣನ ವಾಸನೆ ಎಂದು ಹೊಳೆದಿರಲಿಲ್ಲ. ಮರುದಿನ ಅವನು ಸ್ನಾನಕ್ಕೆ ಹೋದಾಗ ಅವಳು ಒಂದು ಗಂಟು ಇದ್ದಿಲನ್ನು ತಂದು, ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ, ತಾನೇ ಇಟ್ಟಳು. ಇದ್ದಿಲು ಇದು ಬೇಕು, ಇದು ಬೇಡ ಎಂದು ಆರಿಸುವುದಿಲ್ಲ. ಅದನ್ನು ಅವಳು ಪುಸ್ತಕದಲ್ಲೇ ಓದಿದ್ದಳು.

ಮುಂದಿನ ತಿಂಗಳು, ಮಾಸಿಯ ಹೊತ್ತಿಗೆ ಸೀಟಿನಲ್ಲಿ ಏನೂ ಉಳಿಯಲಿಲ್ಲ. ಅವಳು ಅಲ್ಲಿ ಕೂರುವುದನ್ನು ಬಿಟ್ಟಳು.

ಗಾಡಿ ಓಡತೊಡಗಿತು. ಪಾಪಿರೆಡ್ಡಿಪಟ್ಟಿಯ ಮದುವೆಯೊಂದಕ್ಕೆ ಹೆಣ್ಣನ್ನು ಕರೆದುಕೊಂಡು ಹೋಗಿ ಬಂದ ದಿನ ಮುರುಗೇಶ್ ಬಾನೆಟ್ಟಿನ ಮೇಲಿನ ಹೂವನ್ನು ಬಿಚ್ಚದೆಯೇ ಮನೆಯ ಮುಂದೆ ತಂದು ನಿಲ್ಲಿಸಿದ. ಸ್ಟ್ಯಾಂಡಿನಲ್ಲಿ ಎಲ್ಲರೂ ಡಬ್ಬಿ ಕೇಳಿದರು, ಪೆರುಮಾಳ್ ಎಲ್ಲರಿಗಿಂತ ಮೊದಲು ಕೇಳಿದ. ಜಗಲಿಯ ಮೇಲೆ ಹಲ್ಲುಪುಡಿ ಡಬ್ಬಿಗಳು ಸಾಲಾಗಿ ಕೂತವು. ನಾರಾಯಣಮ್ಮ ಉಣ್ಣೆ ಒಗೆದು ಬಡಿದಳು, ಮುನಿಲಕ್ಷ್ಮಿ ಎಣ್ಣೆ ಹನಿಸಿದಳು. ಅತ್ತೆ ಕಾರು ಮಾರುವ ಮಾತೆತ್ತುವುದನ್ನು ಬಿಟ್ಟಳು. ತಾನು ಉಳಿಸಿಕೊಳ್ಳಬೇಕೆಂದಿದ್ದು ಏನು, ಉಳಿದದ್ದು ಏನು ಎಂದು ಮುನಿಲಕ್ಷ್ಮಿ ಯಾರಿಗೂ ಹೇಳಲಿಲ್ಲ. ಕಾರಾದರೂ ಇತ್ತು. ಅವನು ದಿನಾ ಬೆಳಿಗ್ಗೆ ಒರೆಸುತ್ತಿದ್ದ ಕಾರು.

ಪೆರುಮಾಳ್ ಸೇಲಂಗೆ ಹೋದಾಗಲೆಲ್ಲ ಒಂದು ಚೀಲ ಡಬ್ಬಿ ಒಯ್ಯುತ್ತಿದ್ದ. ಅಲ್ಲಿ ಯಾರು ಕೊಳ್ಳುತ್ತಾರೆ ಎಂದು ಇವರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೊಳ್ಳುತ್ತಿದ್ದವರು ಆಸ್ಪತ್ರೆಯ ಗೇಟಿನ ಹೊರಗೆ ನಿಲ್ಲುವ ಗಾಡಿಗಳವರು, ಸತ್ತವರನ್ನು ಊರೂರಿಗೆ ಮುಟ್ಟಿಸುವವರು. ಅವರಿಗಿಂತ ಹೆಚ್ಚಾಗಿ ಆ ಡಬ್ಬಿ ಇನ್ನಾರಿಗೆ ಬೇಕಿತ್ತು? ಅವರ ಗಾಡಿಗಳು ಓಮಲೂರು, ಮೇಟೂರು, ಧರ್ಮಪುರಿ ಎಂದು ಎಲ್ಲ ಊರುಗಳಿಗೂ ಹೋದವು. ಎಲ್ಲೆಲ್ಲಿ ಹೆಣ ಇಳಿಯಿತೋ ಅಲ್ಲೆಲ್ಲ ಲಾವಂಚದ ವಾಸನೆಯೂ ಇಳಿಯಿತು. ಅಳುತ್ತಾ ಓಡಿಬಂದವರ ಮೂಗಿಗೆ ಮೊದಲು ಹೊಡೆಯುತ್ತಿದ್ದುದು ಅದೇ.

ಆಷಾಢ ಕಳೆದು ಆವಣಿಯಲ್ಲಿ ಮತ್ತೆ ಮದುವೆಗಳು ಬಂದವು. ಒಂದು ಮನೆಯ ಮುಂದೆ ಮುರುಗೇಶ್ ಕಾರು ನಿಲ್ಲಿಸಿ ಬಾಗಿಲು ತೆಗೆದ. ಮದುಮಗಳ ಅಜ್ಜಿ ಮೊದಲು ಹತ್ತಿದಳು. ಕೂತಳು, ಒಮ್ಮೆ ಉಸಿರೆಳೆದಳು, ಹಾಗೇ ಇಳಿದುಬಿಟ್ಟಳು. ಈ ಬೇಸಿಗೆಯಲ್ಲಿ ಅವಳ ಮಗನನ್ನು ತಂದ ಗಾಡಿಯಲ್ಲಿ ಇದೇ ವಾಸನೆ ಇತ್ತಂತೆ. ಇದರಲ್ಲಿ ನನ್ನ ಮೊಮ್ಮಗಳನ್ನು ಕೂರಿಸಬೇಡಿ ಎಂದು ಅವಳು ಅಂಗಳದಲ್ಲೇ ಕುಸಿದು ಕೂತಳಂತೆ. ಮುರುಗೇಶ್ ಹೂವು ಕಟ್ಟಿದ ಗಾಡಿಯನ್ನು ಖಾಲಿಯಾಗಿ ತಿರುಗಿಸಿಕೊಂಡು ಬಂದ.

ಅಂಥದ್ದೇ ಇನ್ನೆರಡು ಕಡೆ ಆಯಿತು. ಸ್ಟ್ಯಾಂಡಿನವರು ಒಬ್ಬೊಬ್ಬರಾಗಿ ಡಬ್ಬಿ ಕಿತ್ತು ಚರಂಡಿಗೆ ಎಸೆದರು. ಅವರ ಗಾಡಿಗಳು ಒಂದು ವಾರದಲ್ಲಿ ಶುದ್ಧವಾದವು. ಡಬ್ಬಿ ಹುಟ್ಟಿದ್ದು ಯಾವ ಮನೆಯಲ್ಲಿ, ಯಾರ ಹೆಣ ತಂದ ಗಾಡಿಗೆ ಎಂಬುದು ಮಾತ್ರ ಈಗ ಮೊದಲು ಗೊತ್ತಿಲ್ಲದವರಿಗೂ ಗೊತ್ತಾಯಿತು. ಕಾರು ಮತ್ತೆ ಬೇವಿನ ಕೆಳಗೆ ನಿಂತಿತು.

ಪೆರುಮಾಳ್ ಮನೆಗೆ ಬಂದ. ಜಗಲಿಯ ತುದಿಯಲ್ಲಿ ಕೂತು, ಕೊಟ್ಟ ನೀರನ್ನು ಕುಡಿಯದೆ, ಸೇಲಂನಲ್ಲಿ ಯಾರಿಗೆ ಕೊಡುತ್ತಿದ್ದೆನೆಂಬುದನ್ನು ಹೇಳಿದ. ತೊಂದರೆ ಆಗುತ್ತದೆಂದು ತೋಚಲಿಲ್ಲ ಎಂದ. ಮುರುಗೇಶ್ ಅವನ ಮೇಲೆ ಏರಿಹೋದ. ಮುನಿಲಕ್ಷ್ಮಿ ಮೈದುನನನ್ನು ತಡೆದು, ಆ ಗೇಟಿನ ಹತ್ತಿರ ಇನ್ನೊಂದು ಗಾಡಿಗೆ ಜಾಗ ಇದೆಯೇ ಎಂದು ಪೆರುಮಾಳ್‌ನನ್ನು ಕೇಳಿದಳು. ಅವನು ನೀರಿನ ಲೋಟವನ್ನು ಕೆಳಗಿಟ್ಟ. ಅಲ್ಲಿ ಜಾಗಕ್ಕೆ ಯಾರೂ ಜಗಳ ಆಡುವುದಿಲ್ಲ ಎಂದ.

ಮುರುಗೇಶ್ ಅತ್ತಿಗೆಯನ್ನೇ ನೋಡುತ್ತಿದ್ದ. "ಪೊಣವಂಡಿ ಅಂತಾರೆ, ಅತ್ಗೆ. ನನಗ್ ಯಾರೂ ಹೆಣ್ಣೂ ಕೊಡಲ್ಲ."

"ಈಗ ಏನಂತಾ ಅವ್ರೆ?" ಎಂದಳು ಮುನಿಲಕ್ಷ್ಮಿ.

ಮಾರುವುದೊಂದು ದಾರಿ, ಇದೊಂದು ದಾರಿ. ನಾರಾಯಣಮ್ಮ ಗೋಡೆಗೆ ಒರಗಿ ಕೂತು ಬಹಳ ಹೊತ್ತು ಕದಿರು ತಿರುಗಿಸಿದಳು. ಆಮೇಲೆ, ನನ್ನ ಮಗನ್ನ ತಂದ ಗಾಡಿ, ಇನ್ನೊಬ್ಬರ ಮಕ್ಕಳನ್ನ ತರಾಕೆ ಏನ್ ಅಸಹ್ಯ ಎಂದಳು, ಯಾರ ಮುಖವನ್ನೂ ನೋಡದೆ.

ಕಾರು ಸೇಲಂಗೆ ಹೊರಡುವ ಹಿಂದಿನ ದಿನ ಮುನಿಲಕ್ಷ್ಮಿ ಕಿಂಡಿಯ ಡಬ್ಬಿಯನ್ನು ಬಿಚ್ಚಿ ತಂದಳು. ಇನ್ನೊಂದು ಡಬ್ಬಿಯ ತಗಡಿನಿಂದ ಗುಂಡಗೆ ಒಂದು ಬಿಲ್ಲೆ ಕತ್ತರಿಸಿ, ಮೊದಲ ಡಬ್ಬಿಯ ತೂತುಗಳಿಗೆ ಸರಿಯಾಗಿ ಅದಕ್ಕೂ ತೂತು ಹೊಡೆದು, ನಡುವೆ ಮೊಳೆ ಬಡಿದು ಕೂರಿಸಿದಳು. ಬೆರಳಿನಿಂದ ತಿರುಗಿಸಿದರೆ ತೂತುಗಳು ಮುಚ್ಚಿಕೊಳ್ಳುತ್ತಿದ್ದವು. ಇನ್ನಷ್ಟು ತಿರುಗಿಸಿದರೆ ತೆರೆದುಕೊಳ್ಳುತ್ತಿದ್ದವು. ಅದನ್ನು ಮುರುಗೇಶನ ಕೈಗೆ ಕೊಟ್ಟು, ಹೆಣ ಒಯ್ಯುವಾಗ ಮುಚ್ಚಿಡು, ಇಳಿಸಿ ಬರುವಾಗ ತೆರಿ ಎಂದಳು.

ಅವನಿಗೆ ಅರ್ಥವಾಗಲಿಲ್ಲ. "ಹೆಣ ಇರೋವಾಗ್ ತಾನೇ ಇದು ಬೇಕಾಗೋದು?"

"ಜತೇಲಿ ಕೂತೋರಿಗೆ ಬೇಡ," ಎಂದಳು. ಬಿಲ್ಲೆಯನ್ನು ತಾನೇ ತಿರುಗಿಸಿ ಮುಚ್ಚಿ, "ಊದುಬತ್ತಿನೂ ಹಚ್ಚಬೇಡ. ಅವ್ರಾಗಿ ಕೇಳೋತನಕ ಹಚ್ಚಬೇಡ," ಎಂದಳು.

ಪೆರುಮಾಳ್ ಕೂಡ ಅಲ್ಲೇ ನಿಂತಿದ್ದ, ಗಾಡಿಯ ಜೊತೆ ಗೇಟಿನವರೆಗೆ ಬರುತ್ತೇನೆಂದು ಒಪ್ಪಿಕೊಂಡು. ಆ ಮಾತು ಕೇಳಿ ಅವನು ಮುಖ ತಿರುಗಿಸಿ ಟೈರನ್ನು ಕಾಲಿನಿಂದ ಒತ್ತಿ ನೋಡಿದ.

ಕಾರು ಹೋಯಿತು. ಹಿಂತಿರುಗಿದಾಗ ಮುರುಗೇಶ್ ಜಗಲಿಯ ಮೇಲೆ ಕೂತು ಹೇಳಿದ. ಮೊದಲ ಬಾಡಿಗೆ ಪಾಲಮಲೆ ಬೆಟ್ಟದ ಬುಡದವರೆಗೆ. ಸತ್ತವನು ಹರೆಯದ ಗಂಡಸು, ಅಲ್ಲಿಂದ ಮೇಲಕ್ಕೆ ಹೊತ್ತುಕೊಂಡು ಹೋದರು. ಜೊತೆಗೆ ಅವನ ಹೆಂಡತಿ ಒಬ್ಬಳೇ ಕೂತಿದ್ದಳು. ಕೊಳತ್ತೂರು ದಾಟುವವರೆಗೂ ಅವನ ಅಂಗಿಯಿಂದ ಮುಖ ಎತ್ತಲಿಲ್ಲ. ಒಳಗೆ ಉಸಿರು ಕಟ್ಟುವ ಹಾಗಿತ್ತು, ನನಗೆ ವಾಂತಿ ಬರುವಂತಾಯಿತು ಎಂದ.

"ಡಬ್ಬಿ?"

"ಮುಚ್ಚೇ ಇತ್ತು."

ಅವಳು ತಲೆಯಾಡಿಸಿದಳು. ಅವನು ಕಾರು ತೊಳೆಯಲು ನೀರು ಸೇದಲು ಹೋದ. ಬಹಳ ದಿನಗಳ ಮೇಲೆ ಮುನಿಲಕ್ಷ್ಮಿ ಡ್ರೈವರ್ ಬಾಗಿಲು ತೆಗೆದು ಒಳಗೆ ಕೂತಳು. ಲಾವಂಚ ತುಂಬಿಕೊಂಡಿತ್ತು. ಬಗ್ಗಿ ಬಿಲ್ಲೆಯನ್ನು ತಿರುಗಿಸಿ ಮುಚ್ಚಿದಳು. ಸೀಟಿಗೆ ಒರಗಿ, ಮುಖ ಹೊರಳಿಸಿ, ಆ ವಾಸನೆ ತಣಿಯುವವರೆಗೆ ಕಾದಳು. ಅದು ತಣಿಯಿತು. ಅದರ ಹಿಂದೆ ಏನೂ ಇರಲಿಲ್ಲ.

ಮುರುಗೇಶ್ ಬಕೆಟ್ ತಂದು ಬಾಗಿಲ ಬಳಿ ಇಟ್ಟ. ಅವಳು ಇಳಿದು, ಒರೆಸುವ ಬಟ್ಟೆಯನ್ನು ನೀರಿಗೆ ಅದ್ದಿದಳು.