ಬ್ಯಾಟರಿಗೆ ತೀರ್ಥ

"ಲೇ ಬೋರ, ನಿನ್ನ ಕೈ ಸೇದೋಗ! ಸತ್ತೋಗಿರೋ ಬ್ಯಾಟ್ರಿನ ದೇವ್ರ ತಲೆಗೇ ಕಟ್ಟಿದ್ದೀಯಲ್ಲಲಾ!"

ಗುಡಿಯ ಮೆಟ್ಟಿಲ ಮೇಲೆ ನಿಂತು ಶಿವರಾಮೇಗೌಡರು ಬೈಯುತ್ತಿದ್ದರು. ನಾನು ಮೆಟ್ಟಿಲ ಕೆಳಗಿದ್ದೆ. ನಮ್ಮವರು ನಿಲ್ಲುವ ಜಾಗ ಅದೇ. ಹಿಂದೆ ನಮ್ಮಪ್ಪ ಅಲ್ಲೇ ನಿಂತು ಮಂಗಳಾರತಿಗೆ ತಮಟೆ ಬಡಿಯುತ್ತಿದ್ದ. ಈಗ ನಗಾರಿ ಬಡಿಯುವ ಮಷೀನು ಬಂದು ಒಳಗೇ ಕೂತಿದೆ. ಕರೆಂಟು ಹೋದಾಗಲೂ ಅದು ಬಡಿಯಲೆಂದು ನಾನು ಕೆಲಸಕ್ಕಿರುವ ಮದ್ದೂರಿನ ಅಂಗಡಿಯಲ್ಲಿ ನಾನೇ ಬ್ಯಾಟರಿ ಕಟ್ಟಿಕೊಟ್ಟಿದ್ದೆ. ಎಂಟೇ ದಿನಕ್ಕೆ ಸತ್ತಿತ್ತು.

"ನಿಮ್ಮ ಓನರ್‌ಗೆ ಏಳಿ ಇವತ್ತೇ ಕೆಲ್ಸ ಬುಡಿಸ್ತೀನಿ."

"ಬುಡಿಸೀರಂತೆ ಗೌಡ್ರೆ. ಮೊದ್ಲು ಅದ ಈಚೆಗೆ ತನ್ನಿ, ನೋಡ್ತೀನಿ."

ನಾನು ಒಳಗೆ ಹೋಗುವಂತಿಲ್ಲವಲ್ಲ. ಗೌಡರೂ ಅರ್ಚಕರೂ ಸೇರಿ, ಉತ್ಸವಮೂರ್ತಿ ಹೊತ್ತವರ ಹಾಗೆ, ಏದುಸಿರು ಬಿಡುತ್ತಾ ತಂದಿಟ್ಟರು.

"ಅಂಗ್ಡೀಲಿ ಇಂಥವ್ನ ಮೂವತ್ತು ವರ್ಸದಿಂದ ನಾನೊಬ್ನೇ ಎತ್ತೋದು" ಅಂದೆ. ಗೌಡರು ಕೇಳಿಸದವರಂತೆ ಸೊಂಟ ನೀವಿಕೊಂಡರು.

ಬಿರಡೆ ತೆಗೆದೆ. ಒಳಗೊಂದು ತುಳಸಿ ಎಲೆ ತೇಲುತ್ತಿತ್ತು.

"ಇದ್ಯಾರು ಅಯ್ನೋರೆ ಆಕಿದ್ದು?"

ಅರ್ಚಕರು ಗೌಡರ ಮುಖ ನೋಡಿದರು. "ಒಳಗಿದ್ದದ್ದು ನೀನು ಮುಟ್ಟಿದ ನೀರಲ್ವೇನೋ? ಚೆಲ್ಲಿ, ತೀರ್ಥ ತುಂಬಿದ್ವಿ."

ನನಗೆ ನಗು ತಡೆಯಲಾಗಲಿಲ್ಲ.

"ಅದು ಬರೀ ನೀರಲ್ಲ ಸಾಮಿ, ಆಸಿಡ್ಡು. ಒಳಗೆ ಸೀಸದ ತಗಡವೆ, ಒಂದು ಕಾಫಿ ಬಣ್ಣ, ಒಂದು ಬೂದಿ ಬಣ್ಣ. ಎರಡೂ ಒಂದೇ ಆಸಿಡ್ನಲ್ಲಿ ನೆಂದ್ರೇ ಕರೆಂಟು ಉಟ್ಟೋದು. ನಿಮ್ಮ ತೀರ್ಥ ಕುಡ್ದು ಅವು ಉಪಾಸ ಕೂತವೆ. ಆ ತಗಡಿಗೆ ಸೀಸ ಮೆತ್ತಿದ್ದೂ ಈ ಕೈಯೇ. ಅದನ್ಯಾಕೆ ಬುಟ್ರಿ, ತೊಳೀಬೇಕಿತ್ತು!"

ತೀರ್ಥ ಬಸಿದು, ಮೊಪೆಡ್ಡಿನಲ್ಲಿ ತಂದಿದ್ದ ಕ್ಯಾನಿನಿಂದ ಆಸಿಡ್ ತುಂಬಿದೆ. ವೈರು ತಾಗಿಸಿದರೆ ನನ್ನ ಪುಟ್ಟ ಬಲ್ಬು ಹತ್ತಿಕೊಂಡಿತು.

"ಸರಿ, ಓನರ್‌ಗೆ ಏಳಲ್ಲ ಬುಡು" ಅಂದರು ಗೌಡರು. "ಅಲ್ಲೇ ಮಡಗಿ ಓಗು. ನಾವೇ ಎತ್ಕೋತೀವಿ."

"ಎತ್ಕೊಂಡೋಗಿ ಮತ್ತೆ ಚೆಲ್ಲಾಕಾ?"

ಬ್ಯಾಟರಿಯನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿದೆ.

"ಲೇ, ಲೇ! ಎಲ್ಲಿಗ್ಲಾ? ನಿನ್ನ ಕೆಲ್ಸ ಓಯ್ತು ಅನ್ಕೊ!"

"ಓಗ್ಲಿ. ಅಡ್ಡ ಬರಬ್ಯಾಡಿ ಗೌಡ್ರೆ, ಆಸಿಡ್ಡು ತುಳುಕ್ತದೆ."

ಇಬ್ಬರೂ ಪಂಚೆ ಎತ್ತಿಕೊಂಡು ಗೋಡೆಗೆ ಅಂಟಿಕೊಂಡರು. ಹೊಸ್ತಿಲು ದಾಟಿದೆ. ಒಳಗಿನ ಕಲ್ಲು ಪಾದಕ್ಕೆ ತಣ್ಣಗಿತ್ತು.

"ಕೆಂಪು ವೈರು ಎಲ್ಲದೆ, ಅಯ್ನೋರೆ?"