ಬರೆಯದೆ ಬಿಟ್ಟ ರಿಪೇರಿಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೂ ಫೋರ್‌ಮನ್ ಹುದ್ದೆಯ ಪತ್ರ ಮೂರನೇ ಸಲ ಬಂದಾಗ, ಹೆಂಡತಿ "ಈ ಸಲಾನೂ ಬೇಡ ಅಂತೀರಾ? ಅಷ್ಟು ಭಯಾನಾ ನಿಮಗೆ?" ಎಂದದ್ದಕ್ಕೆ ತಿರುಗಿ ಬೈಯದೆ ಪತ್ರವನ್ನು ಮಡಚಿ ಜೇಬಿಗಿಟ್ಟೆ. ಸೋಮವಾರದೊಳಗೆ ಒಪ್ಪದಿದ್ದರೆ ಹುದ್ದೆ ಬೇರೆಯವರಿಗೆ. ಮತ್ತೆ ಕೇಳುವುದಿಲ್ಲ ಎಂದು ಪತ್ರದಲ್ಲೇ ಇತ್ತು. ಭಯವಂತೂ ನಿಜ. ನಾನು ಹೆದರುತ್ತಿದ್ದದ್ದು ಪೆನ್ನಿಗೆ.

ನಾನು ಬಸ್ ಡಿಪೋದ ಮೆಕ್ಯಾನಿಕ್. ಕನ್ನಡ ಪೇಪರನ್ನು ಕೊನೆಯ ಜಾಹೀರಾತಿನವರೆಗೂ ಓದುತ್ತೇನೆ. ಎಂಜಿನ್ನಿನ ಜೊತೆ ಬರುವ ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಓದುತ್ತೇನೆ. ಬರೆಯಲು ಕೂತರೆ ಮಾತ್ರ ಎರಡೂ ಭಾಷೆಗಳು ಕೈಕೊಡುತ್ತವೆ. ಸ್ಕೂಲಿನಲ್ಲಿ ಮೇಷ್ಟ್ರು ಸೋಮಾರಿ ಅಂದರು, ಮನೆಯಲ್ಲಿ ಅಪ್ಪ ದಡ್ಡ ಅಂದ. ನಾನೂ ನಂಬಿಬಿಟ್ಟೆ.

ಡಿಪೋದಲ್ಲಿ ಪ್ರತಿ ಗಾಡಿಗೂ ಒಂದು ಜಾಬ್ ಕಾರ್ಡ್. ಕಂಡ ತೊಂದರೆಯನ್ನು ಅದರಲ್ಲಿ ಬರೆದರೆ ಆಯಾ ಕೆಲಸದವರು ಬಂದು ರಿಪೇರಿ ಮಾಡುತ್ತಾರೆ. ನಾನು ನನಗೆ ಬರೆಯಲು ಬರುವಂಥದ್ದನ್ನಷ್ಟೇ ಬರೆಯುತ್ತಿದ್ದೆ. ಟೈರು, ಲೈಟು, ಆಯಿಲ್. ಮಿಕ್ಕಿದ್ದನ್ನೆಲ್ಲ ಯಾರಿಗೂ ಹೇಳದೆ ನಾನೇ ಗಾಡಿಯಡಿ ಮಲಗಿ ಸರಿಮಾಡುತ್ತಿದ್ದೆ. ಗೇರ್‌ಬಾಕ್ಸ್ ಇಳಿಸಿ ಏರಿಸಿ ಸೊಂಟ ಬಿದ್ದುಹೋಯಿತು. ಹದಿನೆಂಟು ವರ್ಷ ಹೀಗೇ ನಡೆಯಿತು. ಇನ್ನು ಫೋರ್‌ಮನ್ ಆದರೆ ದಿನವಿಡೀ ಬರೆಯುವುದೇ ಕೆಲಸ.

ಭಾನುವಾರ ನಾದಿನಿ ಬಂದಳು. ಎರಡು ಭಾಷೆ ಬಲ್ಲ ದೊಡ್ಡವರು ಹೇಗೆ ಓದುತ್ತಾರೆ, ಹೇಗೆ ಬರೆಯುತ್ತಾರೆ ಎಂದು ಅವಳ ಸಂಶೋಧನೆ. "ಅರ್ಧ ಗಂಟೆ ಕೊಡಿ ಭಾವ" ಎಂದಳು. ಓದಲು ಕೊಟ್ಟ ಪದಗಳನ್ನು ಪಟಪಟನೆ ಓದಿದೆ. ಆಮೇಲೆ ಅವಳು ಹೇಳಿದ್ದನ್ನು ಬರೆಯಬೇಕಂತೆ. ಹತ್ತು ಪದ ಬರೆಯುವಷ್ಟರಲ್ಲಿ ಮೈಯೆಲ್ಲ ಉರಿದು ಹಾಳೆ ತಳ್ಳಿದೆ.

"ನನ್ನ ಮರ್ಯಾದೆ ತೆಗೆಯೋಕೆ ಬಂದ್ಯಾ?"

ಅವಳು ನಗಲಿಲ್ಲ. "ಭಾವ, ಓದುವಾಗ ನೀವು ಪದದ ತಲೆ ಬಾಲ ನೋಡಿ ನಡುವಿನದ್ದನ್ನ ಊಹಿಸ್ಕೋತೀರ ಅನ್ಸುತ್ತೆ. ಓದೋಕೆ ಅಷ್ಟು ಸಾಕು. ಬರೆಯೋಕೆ ಪೂರ್ತಿ ಪದ ನೆನಪಲ್ಲಿರಬೇಕು, ತೊಡಕು ಅಲ್ಲೇ. ಚಿಕ್ಕಂದಿನಿಂದ ಇರೋದು, ಎರಡು ಭಾಷೇಲೂ ಕಾಣ್ತಿದೆ. ದಡ್ಡತನಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಸರಿಹೋಗುತ್ತಾ?"

"ಅಭ್ಯಾಸ ಮಾಡಿದ್ರೆ ಸುಧಾರಿಸುತ್ತೆ. ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ."

ಐವತ್ತರ ಹತ್ತಿರದ ಗಂಡಸು ನಾನು, ಕಣ್ಣು ತುಂಬಿಬಂತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ, "ಇಷ್ಟು ವರ್ಷದಲ್ಲಿ ನನಗೊಂದು ಮಾತು ಹೇಳಬಾರದಿತ್ತಾ" ಎಂದಳು. ಅವಳ ದನಿಯಲ್ಲಿ ಬೈಗುಳ ಇರಲಿಲ್ಲ.

ಸೋಮವಾರ ಮ್ಯಾನೇಜರ್ ಮೇಡಂ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನನ್ನ ಹಳೆಯ ಕಾರ್ಡುಗಳ ಕಟ್ಟು ತರಿಸಿದರು.

"ನಿಮ್ಮ ಗಾಡಿಗಳಿಗೆ ಗೇರ್‌ಬಾಕ್ಸ್ ತೊಂದರೇನೇ ಬರಲ್ಲ ಅಂದ್ಕೊಂಡಿದ್ವಲ್ರೀ."

"ಬರ್ತಿತ್ತು ಮೇಡಂ. ನಾನು ಬರೀಲಿಲ್ಲ."

"ಎಷ್ಟು ಸಲ?"

ಯಾವ ಗಾಡಿ, ಯಾವ ತಿಂಗಳು, ಯಾವ ಭಾಗ, ಎಲ್ಲ ಬಾಯಲ್ಲೇ ಇತ್ತು. ನಾನು ಹೇಳುತ್ತಾ ಹೋದೆ, ಅವರು ಬರೆದುಕೊಳ್ಳುತ್ತಾ ಹೋದರು. ಎರಡು ಹಾಳೆ ತುಂಬಿದ ಮೇಲೆ ಅವರಿಗೇ ಕೈ ನೋವು ಬಂತು.

"ಬರೆಯೋಕೆ ಒಬ್ಬ ಗುಮಾಸ್ತರನ್ನ ಕೊಡ್ತೀನಿ. ಒಪ್ಕೊಳ್ಳಿ" ಎಂದರು.

"ಒಪ್ಕೋತೀನಿ. ಗುಮಾಸ್ತರು ಬೇಡ, ನಾನೇ ಬರೀತೀನಿ. ತಪ್ಪಿರುತ್ತೆ. ಅರ್ಥ ಆಗದಿದ್ರೆ ಕೇಳಿ, ನಗಬೇಡಿ."

ಒಪ್ಪಿಗೆ ಪತ್ರವನ್ನು ಅವರೆದುರೇ ಕೂತು ಬರೆದೆ. ನಾಲ್ಕೇ ಸಾಲು, ತಪ್ಪು ಎಷ್ಟಿದ್ದವೋ. ಅವರು ನಿಧಾನವಾಗಿ ಓದಿದರು, ಒಂದನ್ನೂ ತಿದ್ದದೆ ಕೆಳಗೆ ಸಹಿ ಹಾಕಿದರು.