ಒಂದು ಮತದ ಅಂತರ

"ಮೊದಲ ಚುನಾವಣೆ, ಎರಡು ಚುಕ್ಕೆ. ಪಡೆದ ಮತ ಇಪ್ಪತ್ತೊಂದು ಸಾವಿರದ ನಾನೂರ ಮೂವತ್ತೆಂಟು, ಅಲ್ಪವಿರಾಮ, ಒಂದು ಮತದ ಅಂತರದ ಗೆಲುವು, ಪೂರ್ಣವಿರಾಮ."

ಕೆಂಪು ಪೆನ್ಸಿಲು ನಿಂತಿತು.

"ಇನ್ನೊಂದ್ಸಲ ಓದಮ್ಮ."

ಅವಳು ಮೂಲಪ್ರತಿಯ ಮೇಲಿನ ಸ್ಕೇಲನ್ನು ಒಂದು ಸಾಲು ಮೇಲಕ್ಕೆ ಸರಿಸಿ ಅದೇ ದನಿಯಲ್ಲಿ ಮತ್ತೆ ಓದಿದಳು. ಹನ್ನೊಂದು ವರ್ಷದಿಂದ ಆ ಮುದ್ರಣಾಲಯದ ಕಿಟಕಿ ಪಕ್ಕದ ಮೇಜಿನಲ್ಲಿ ಇದೇ ಕೆಲಸ. ಅವಳು ಮೂಲಪ್ರತಿಯನ್ನು ಚುಕ್ಕೆ ಕೊಂಬು ಬಿಡದೆ ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತ ಅವನು ಅಚ್ಚಾದ ಕರಡಿನಲ್ಲಿ ಅದನ್ನೇ ಹುಡುಕಬೇಕು. ಎಲ್ಲರೂ ಅವಳನ್ನು ರೇಡಿಯೊ ಅನ್ನುತ್ತಿದ್ದರು. ಅವನನ್ನು ಅನುಮಾನಪ್ಪ ಅನ್ನುತ್ತಿದ್ದರು. ಒಂದು ಸೊನ್ನೆ ಸ್ವಲ್ಪ ಚಪ್ಪಟೆಯಾಗಿ ಕಂಡರೂ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕುವ ಕರಡು ತಿದ್ದುಗ ಅವನು. ಅರವತ್ತೊಂಬತ್ತು ವಯಸ್ಸಾದರೂ ಮಾಲೀಕ ಅವನನ್ನು ಬಿಟ್ಟಿರಲಿಲ್ಲ.

"ತಪ್ಪು ಇದು," ಅಂದ. "ಒಂದು ಮತದ ಅಂತರ ಅಲ್ಲ. ಇಬ್ಬರಿಗೂ ಇಪ್ಪತ್ತೊಂದು ಸಾವಿರದ ನಾನೂರ ಮೂವತ್ತೇಳೇ. ಸಮ ಬಂದಿತ್ತು. ಚೀಟಿ ಎತ್ತಿದ್ರು."

"ಮೂಲದಲ್ಲಿ ಹಾಗೇ ಇದೆ, ಸರ್."

"ಮೂಲಾನೇ ತಪ್ಪು."

ರೇಡಿಯೊ ತಲೆ ಎತ್ತಿದಳು. ಹನ್ನೊಂದು ವರ್ಷದಲ್ಲಿ ಅವನು ಮೂಲವನ್ನು ತಪ್ಪು ಅಂದದ್ದು ಇದೇ ಮೊದಲು. ಅವಳು ಸ್ಕೇಲನ್ನು ಕೆಳಗೆ ಸರಿಸಿದಳು. "ಸಮೀಪದ ಪ್ರತಿಸ್ಪರ್ಧಿ, ಎರಡು ಚುಕ್ಕೆ," ಎಂದು ಶುರುಮಾಡಿ, ಮುಂದಿನ ಹೆಸರನ್ನು ಅರ್ಧ ಓದಿ, ಬಾಯಿ ಮುಚ್ಚಿದಳು. ಆಮೇಲೆ ಮೆಲ್ಲಗೆ, "ಸರ್, ಇದು ನಿಮ್ಮ ಹೆಸರಲ್ವಾ? ಇನಿಷಿಯಲ್ ಸಮೇತ."

"ನಾನೇ. ಮುಂದೆ ಓದು."

"ನೀವು ಎಮ್ಮೆಲ್ಲೆ ಎಲೆಕ್ಷನ್‌ಗೆ ನಿಂತಿದ್ರಾ?"

"ನಿಂತೆ, ಕೂತೆ. ಓದಮ್ಮ."

ಅವಳು ಓದಿದಳು. ಎರಡನೆಯ ಚುನಾವಣೆ, ಆರು ಸಾವಿರದ ಎಂಟುನೂರ ಹನ್ನೆರಡು ಮತಗಳ ಗೆಲುವು. ಮೂರನೆಯದರಲ್ಲಿ ಎರಡು ಸಾವಿರ ಚಿಲ್ಲರೆ ಮತಗಳ ಸೋಲು, ಅದಕ್ಕೆ ಮಾತ್ರ 'ಅನಿರೀಕ್ಷಿತ' ಎಂಬ ವಿಶೇಷಣ. ನಾಲ್ಕು, ಐದು, ಆರು, ಏಳು, ಎಲ್ಲ ಗೆಲುವು. ಅರ್ಜಿ ಸಮಿತಿ, ಗ್ರಂಥಾಲಯ ಸಮಿತಿ, ಹದಿನಾಲ್ಕು ತಿಂಗಳ ಉಪಮಂತ್ರಿಗಿರಿ. ಎರಡು ಸಲ ಪಕ್ಷ ಬದಲಿಸಿದ್ದಕ್ಕೆ 'ಜನಾಭಿಪ್ರಾಯಕ್ಕೆ ತಲೆಬಾಗಿ' ಎಂದು ಬರೆದಿದ್ದರು, ಎರಡು ಕಡೆಯೂ ಅದೇ ಮಾತು. ಶಾಸಕರು ಈ ಸಲ ನಿಲ್ಲುವುದಿಲ್ಲ. ಮಗ ನಿಲ್ಲುತ್ತಾನೆ. ಅದಕ್ಕೇ ಮನೆಮನೆಗೆ ಹಂಚಲು ಈ ಅಭಿನಂದನ ಪುಸ್ತಕ, ಹತ್ತು ಸಾವಿರ ಪ್ರತಿ.

ಊಟದ ಬಿಡುವಿನಲ್ಲಿ ಅವನು ಮಾಲೀಕನ ಕೋಣೆಗೆ ಹೋಗಿ ಚುನಾವಣಾ ಕಚೇರಿಗೆ ಫೋನು ಮಾಡಿದ.

"ನಿಮಗ್ಯಾಕ್ರೀ ಇದು?" ಅಂದ ಮಾಲೀಕ. "ಅವರ ಪುಸ್ತಕ, ಅವರ ಗೆಲುವು. ನಿಮ್ಮ ಕೆಲಸ ಕೊಂಬು ದೀರ್ಘ ನೋಡೋದು."

"ಸುಳ್ಳು ಅಚ್ಚಾಗಬಾರದು."

"ಹಾಗಂದ್ರೆ ನಾನು ಪ್ರೆಸ್ಸೇ ಮುಚ್ಚಬೇಕಾಗುತ್ತೆ, ಅನುಮಾನಪ್ಪ."

ಫೋನಿನ ಆ ಕಡೆಯಿಂದ ಬಂದದ್ದು ನಿದ್ದೆಗಣ್ಣಿನ ಗುಮಾಸ್ತನ ದನಿ. ಹಾಳೆ ಮಗುಚಿದ ಸದ್ದಾಯಿತು. ಮತ ಸಮವಾದರೆ ಚೀಟಿ ಎತ್ತುವುದು, ಚೀಟಿ ಯಾರಿಗೆ ಬಂತೋ ಅವರಿಗೆ ಒಂದು ಮತ ಹೆಚ್ಚಾಗಿ ಬಿದ್ದಿದೆ ಎಂದು ಲೆಕ್ಕ ಹಿಡಿಯುವುದು, ಇದು ನಿಯಮ. "ಒಂದು ಮತದ ಅಂತರ ಅಂತ ಬರೆದಿದ್ರೆ ಸರಿಯಾಗೇ ಇದೆ. ಇಷ್ಟು ಹಳೇದ್ಯಾಕೆ ಕೆದಕ್ತಿದ್ದೀರಿ?"

ಅವನು ರಿಸೀವರು ಇಟ್ಟ. ಯಾರ ಕೈಯೂ ಹಾಕದ ಒಂದು ಮತ ಮೂವತ್ತೆರಡು ವರ್ಷದಿಂದ ಕಡತದಲ್ಲಿತ್ತು, ಅವನಿಗೆ ಮಾತ್ರ ಗೊತ್ತಿರಲಿಲ್ಲ.

ಮೇಜಿಗೆ ವಾಪಸು ಬಂದು ಕರಡಿನಲ್ಲಿ ತಾನು ಹಾಕಿದ್ದ ಪ್ರಶ್ನೆಚಿಹ್ನೆಯನ್ನು ರಬ್ಬರಿನಿಂದ ಉಜ್ಜಿದ. ಕೆಂಪು ಪೂರ್ತಿ ಹೋಗಲಿಲ್ಲ. ರೇಡಿಯೊ ನಲವತ್ತಮೂರನೆಯ ಪುಟ ತೆಗೆದಳು. 'ಶಾಸಕರು ನೆನೆದಂತೆ' ಎಂಬ ಭಾಗ.

"ನನ್ನ ಮೊದಲ ಎದುರಾಳಿ ನನ್ನ ಗೆಳೆಯನೇ ಆಗಿದ್ದ, ಪೂರ್ಣವಿರಾಮ. ಇಬ್ಬರೂ ಒಂದೇ ಪತ್ರಿಕೆಯಲ್ಲಿ ಕರಡು ನೋಡುತ್ತಿದ್ದೆವು, ಅಲ್ಪವಿರಾಮ, ಒಂದೇ ಮತಗಟ್ಟೆಯಲ್ಲಿ ನಮ್ಮ ಮತ, ಪೂರ್ಣವಿರಾಮ. ಮತದಾನದ ಬೆಳಿಗ್ಗೆ ಸಾಲಿನಲ್ಲಿ ಹಿಂದೆ ಮುಂದೆ ನಿಂತಾಗ, ಅಲ್ಪವಿರಾಮ, ತನಗೆ ತಾನೇ ಮತ ಹಾಕಿಕೊಳ್ಳುವುದು ನಾಚಿಕೆಗೇಡು ಎಂದು ಮಾತಾಗಿ, ಅಲ್ಪವಿರಾಮ, ನಾನು ಅವನಿಗೆ ಅವನು ನನಗೆ ಹಾಕುವುದೆಂದು ಕೈ ಮೇಲೆ ಕೈ ಇಟ್ಟೆವು, ಪೂರ್ಣವಿರಾಮ. ನಾನು ಮಾತು ಉಳಿಸಿಕೊಂಡೆ, ಪೂರ್ಣವಿರಾಮ. ಅವನು ಉಳಿಸಿಕೊಂಡನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ, ಪೂರ್ಣವಿರಾಮ."

ಕಿಟಕಿಯಾಚೆ ಲಾರಿಯೊಂದು ಹಿಂದಕ್ಕೆ ಬರುತ್ತ ಕಿರುಗುಟ್ಟುತ್ತಿತ್ತು. ಅವನು ಕರಡನ್ನೇ ನೋಡುತ್ತಿದ್ದ.

"ಸರ್, ತಪ್ಪಿದೆಯಾ?"

"ಇಲ್ಲ. ಕಾಗುಣಿತ ಸರಿ ಇದೆ."

ಕೈ ಮೇಲೆ ಕೈ ಇಟ್ಟ ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ.

ಎಣಿಕೆ ಮುಗಿದು, ಚೀಟಿ ಎತ್ತಿ, ಮನೆಗೆ ಬಂದ ಸಂಜೆ ಅವನು ಹೇಳಿದ್ದು ಒಂದೇ ಮಾತು: ಒಂದೇ ಒಂದು ಮತ ಸಾಕಾಗಿತ್ತು. ಆ ಒಂದು ಮತ ಯಾರದು ಎಂದು ಮನೆಯವರೇ ಹುಡುಕಿದರು. ಹುಡುಕುವುದು ಕಷ್ಟವಾಗಲಿಲ್ಲ. ಹೆಂಡತಿಯ ತಮ್ಮ ಮತದಾನದ ದಿನ ಪಕ್ಕದ ಪಟ್ಟಣದಲ್ಲಿ ಕೆಲಸ ಮುಗಿಸಿ ಹೊರಟವನು, ಬಸ್ಸು ಕೆಟ್ಟು, ಮತಗಟ್ಟೆಯ ಗೇಟು ಹಾಕಿದ ಮೇಲೆ ಬಂದಿದ್ದ. ಪೊಲೀಸಿನವನ ಜತೆ ಜಗಳವಾಡಿದ್ದ. ಹೆಂಡತಿ ತಮ್ಮನಿಗೆ ಬಾಗಿಲಲ್ಲೇ ಹೇಳಿದಳು, "ನಿನ್ನ ಭಾವನ ಬಾಳು ಹಾಳು ಮಾಡಿದೆ. ಈ ಹೊಸಿಲು ತುಳೀಬೇಡ." ತುಳಿಯಲಿಲ್ಲ. ಅವರ ತಾಯಿ ಸತ್ತಾಗ ಅಕ್ಕ ತಮ್ಮ ಹೆಣದ ಆ ಬದಿ ಈ ಬದಿ ನಿಂತು ಒಬ್ಬರನ್ನೊಬ್ಬರು ನೋಡದೆ ಬಂದರು. ಅವನು ಅದನ್ನೂ ನೋಡುತ್ತ ನಿಂತಿದ್ದ. ಮೊದಲ ದಿನ ಹೇಳದ್ದನ್ನು ಎರಡನೆಯ ದಿನ ಹೇಳಲಾಗಲಿಲ್ಲ, ಎರಡನೆಯ ವರ್ಷ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಬದಲಿಗೆ ಗೆಳೆಯನನ್ನು ಅನುಮಾನಿಸಿದ. ಅದು ಸುಲಭವಾಗಿತ್ತು. ಅವನೂ ಮಾತು ಉಳಿಸಿಕೊಂಡಿದ್ದರೆ ಸಮ ಬಂದದ್ದು ನ್ಯಾಯ. ತನಗೇ ಹಾಕಿಕೊಂಡಿದ್ದರೆ, ಆ ಒಂದು ಮತ ಅಲ್ಲಿ ಕಳೆದು ಈ ಕಡೆ ಬರಬೇಕಿತ್ತು, ಎರಡು ಮತದಿಂದ ಗೆದ್ದಿರುತ್ತಿದ್ದೆ. ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಬೇರೆಯವರ ಕಾದಂಬರಿಯ ಕರಡಿನ ನಡುವೆ, ಈ ಲೆಕ್ಕವನ್ನು ಎಷ್ಟು ಸಲ ಮಾಡಿದ್ದನೋ. ಉತ್ತರ ಬರುತ್ತಿರಲಿಲ್ಲ. ಈಗ ಅಚ್ಚಿನಲ್ಲಿ ಬಂದಿತ್ತು: ನಾನು ಮಾತು ಉಳಿಸಿಕೊಂಡೆ. ಮಗನ ಚುನಾವಣೆಗೆ ಮುಂಚೆ, ಹತ್ತು ಸಾವಿರ ಪ್ರತಿಯಲ್ಲಿ ಉಳಿಸಿಕೊಂಡೆ.

ಶನಿವಾರ ಬೆಳಿಗ್ಗೆ ಶಾಸಕರು ಸ್ವತಃ ಬಂದರು. ಮಾಲೀಕ ಕುರ್ಚಿ ಒರೆಸಿದ. ಶಾಸಕರು ಅದರಲ್ಲಿ ಕೂರದೆ ಊರುಗೋಲು ಊರಿಕೊಂಡು ಕಿಟಕಿ ಪಕ್ಕದ ಮೇಜಿಗೇ ಬಂದು, ರೇಡಿಯೊ ಎದ್ದ ಜಾಗದಲ್ಲಿ ಕೂತರು.

"ಏನಯ್ಯಾ, ಇನ್ನೂ ಕೆಂಪು ಪೆನ್ಸಿಲ್ಲೇನಾ?"

"ಬಣ್ಣ ಬದಲಿಸೋ ಅಭ್ಯಾಸ ನಂದಲ್ಲ."

ಶಾಸಕರು ನಕ್ಕರು. ಮುಂದಿನ ಹಲ್ಲುಗಳು ಹೊಸವು, ತುಂಬ ಬಿಳಿ. ಮಾಲೀಕನಿಗೂ ರೇಡಿಯೊಗೂ ಕೈಸನ್ನೆಯಲ್ಲೇ ಹೊರಗಿರಲು ಹೇಳಿ, ಮೂಲಪ್ರತಿ ಎಳೆದುಕೊಂಡು ಸ್ಕೇಲಿಟ್ಟರು. "ನಾನು ಓದ್ತೀನಿ, ನೀನು ಹಿಡಿ. ಹಿಂದಿನ ಥರ." ನಲವತ್ತಮೂರನೆಯ ಪುಟವನ್ನೇ ತೆಗೆದರು. ಒಂದು ಅಲ್ಪವಿರಾಮವನ್ನೂ ಬಿಡದೆ ಓದಿದರು. ಅಷ್ಟು ಭಾಷಣ ಮಾಡಿದ ಗಂಟಲು, ಆದರೂ ಕರಡು ಕೋಣೆಯ ಹಳೆಯ ಚಪ್ಪಟೆ ದನಿ ಹಾಗೇ ಇತ್ತು.

"ಸರಿಯಾ?"

"ಅಚ್ಚು ಸರಿ. ನಿಜವಾಗ್ಲೂ ನಂಗೇ ಹಾಕಿದ್ಯಾ?"

"ಬರ್ದಿದೀನಲ್ಲ."

"ಬರ್ದಿದ್ದನ್ನ ನಾನು ದಿನಾ ನೋಡ್ತೀನಿ. ಕೇಳ್ತಿರೋದು ಬೇರೆ."

"ಆಮೇಲೆ ಆರು ಸಲ ನಂಗೇ ಹಾಕ್ಕೊಂಡೆ," ಅಂದರು ಶಾಸಕರು. "ಮುಚ್ಚುಮರೆ ಇಲ್ಲ. ಆದರೆ ಆ ಸಲ ಹಾಕ್ಲಿಲ್ಲ. ನಂಬೋದು ಬಿಡೋದು ನಿಂಗೆ ಬಿಟ್ಟಿದ್ದು. ನೀನು?"

ಅವನು ಪೆನ್ಸಿಲಿನ ಮೊನೆ ನೋಡಿದ. ಚೂಪಾಗಿಯೇ ಇತ್ತು, ಆದರೂ ಒಂದು ಸಲ ಕೆತ್ತಿದ.

"ನೋಡು, ಇದೇ," ಅಂದರು ಶಾಸಕರು. "ಕೇಳಿದ್ರೆ ಹೇಳಲ್ಲ. ಮೂವತ್ತೆರಡು ವರ್ಷ ನಾನು ನಿನ್ನ ನಂಬಿಲ್ಲ, ಗೊತ್ತಾ. ಪ್ರಮಾಣವಚನ ತಗೋಳೋವಾಗ್ಲೂ ಅದೇ ಯೋಚನೆ. ಇವನು ಕೈ ಇಟ್ಟು ಮೋಸ ಮಾಡಿದ್ನಾ, ಮಾಡಿದ್ರೂ ನಾನೇ ಗೆದ್ನಾ ಅಂತ." ಊರುಗೋಲಿಗೆ ಭಾರ ಹಾಕಿ ಎದ್ದರು. "ಬೇಡ ಅನ್ಸಿದ್ರೆ ಆ ಪ್ಯಾರಾ ಹೊಡೆದುಹಾಕು. ಮಗನಿಗೂ ಅದು ಇಷ್ಟ ಇಲ್ಲ, ಅಪ್ಪ ಪೆದ್ದನ ಥರ ಕಾಣ್ತೀರಿ ಅಂತಾನೆ. ಸೋಮವಾರ ಅಚ್ಚಿಗೆ ಹೋಗ್ಬೇಕು, ಅಷ್ಟೆ."

ಕಾರಿನ ಬಾಗಿಲು ಮುಚ್ಚಿದ ಸದ್ದು ಬಂತು. ಮಾಲೀಕ ಓಡಿಬಂದ. "ಏನಂದ್ರು?"

"ಒಂದು ಪ್ಯಾರಾ ನೋಡ್ಕೋ ಅಂದ್ರು."

"ಹೊಡೀರಿ, ಹೊಡೀರಿ. ಒಂದು ಪುಟ ಉಳಿಯುತ್ತೆ."

ಭಾನುವಾರ ಮಧ್ಯಾಹ್ನ ಅವನು ಆ ಪುಟದ ಮೂಲಪ್ರತಿ, ಕರಡು ಎರಡನ್ನೂ ಮನೆಯ ಊಟದ ಮೇಜಿನ ಮೇಲಿಟ್ಟುಕೊಂಡು ಕೂತಿದ್ದ. ಪ್ಯಾರಾದ ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದರೆ ಸಾಕಿತ್ತು. ಕೊನೆಯಲ್ಲಿ ಒಂದು ಸುರುಳಿ, ಅಂದರೆ ತೆಗೆದುಬಿಡಿ. ಜೀವಮಾನದಲ್ಲಿ ಲಕ್ಷ ಸಲ ಹಾಕಿದ ಸುರುಳಿ. ಒಳಗೆ ಹೆಂಡತಿ ಒಗೆದ ಬಟ್ಟೆ ಮಡಿಸುತ್ತ ಯಾವುದೋ ಟೀವಿ ಸುದ್ದಿಯವನನ್ನು ಬೈಯುತ್ತಿದ್ದಳು. ಪುಸ್ತಕ ಮನೆಮನೆಗೆ ಬರುತ್ತದೆ. ಈ ಮನೆಗೂ. ಎರಡು ಬೀದಿ ಆಚೆ ಅವಳ ತಮ್ಮನ ಮನೆಗೂ. 'ಗೊತ್ತಿಲ್ಲ' ಎಂದಷ್ಟೇ ಶಾಸಕರು ಬರೆದಿರುವುದು, ಹೆಂಡತಿ ಕೇಳಿದರೆ ಮಾತು ಉಳಿಸಿಕೊಳ್ಳಲಿಲ್ಲ ಅನ್ನಬಹುದು. ಮುಚ್ಚಿಡುವುದು ಅವನಿಗೆ ಅಭ್ಯಾಸವಾಗಿತ್ತು.

"ಸ್ವಲ್ಪ ಓದಿ ಕೊಡ್ತೀಯಾ?" ಎಂದು ಕರೆದ. "ಒಂದೇ ಪುಟ."

"ಯಾಕೆ, ನಿಮ್ಮ ರೇಡಿಯೊ ಕೆಟ್ಟಿದ್ಯಾ?" ಎನ್ನುತ್ತ ಬಂದಳು. ಹಿಂದೆ ಅವನು ಮನೆಗೆ ಕರಡು ತರುತ್ತಿದ್ದ ಕಾಲದಲ್ಲಿ ಅವಳೇ ಓದುತ್ತಿದ್ದಳು. ಕನ್ನಡಕ ಹಾಕಿಕೊಂಡು, ಸ್ಕೇಲು ಹುಡುಕಿ, ಸಿಗದೆ, ಬೆರಳನ್ನೇ ಸಾಲಿನ ಕೆಳಗಿಟ್ಟಳು. "ಆ ಪುಣ್ಯಾತ್ಮಂದಾ? ಅವನ ಬಡಾಯಿ ನಾನು ಓದ್ಬೇಕಾ?"

"ಓದು. ಚುಕ್ಕೆ ಬಿಡ್ಬೇಡ."

"ನನ್ನ ಮೊದಲ ಎದುರಾಳಿ ನನ್ನ ಗೆಳೆಯನೇ ಆಗಿದ್ದ, ಪೂರ್ಣವಿರಾಮ." ಅವಳು ಮೂಗಿನಲ್ಲಿ ಸಣ್ಣ ಸದ್ದು ಮಾಡಿದಳು. ಮುಂದೆ ಓದಿದಳು. ಸಾಲು, ಮತಗಟ್ಟೆ, ನಾಚಿಕೆಗೇಡು. ಕೈ ಮೇಲೆ ಕೈ ಇಟ್ಟೆವು ಎಂಬಲ್ಲಿ ದನಿ ನಿಧಾನವಾಯಿತು, ನಿಲ್ಲಲಿಲ್ಲ. "ನಾನು ಮಾತು ಉಳಿಸಿಕೊಂಡೆ, ಪೂರ್ಣವಿರಾಮ. ಅವನು ಉಳಿಸಿಕೊಂಡನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ."

ಪೂರ್ಣವಿರಾಮ ಅನ್ನಲಿಲ್ಲ. ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು.

"ಸುಳ್ಳು ತಾನೇ ಇದು?"

"ಅವನದು ಗೊತ್ತಿಲ್ಲ."

"ಅವನದು ಕೇಳ್ಲಿಲ್ಲ ನಾನು."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನು ಪೆನ್ಸಿಲನ್ನು ಹಾಳೆಯ ಪಕ್ಕ, ಅಂಚಿಗೆ ಸಮವಾಗಿ ಇಟ್ಟ.

"ಉಳಿಸ್ಕೊಂಡೆ," ಅಂದ.

ಒಳಗೆ ಸುದ್ದಿಯವನು ಮಾತಾಡುತ್ತಲೇ ಇದ್ದ. ಆಮೇಲೆ ಅವಳು ಯಾರಿಗೋ ಹೇಳುವಂತೆ ಹೇಳಿದಳು, "ಓಟಿನ ದಿನ ನನ್ನ ತಮ್ಮನ ಚಪ್ಪಲಿ ಕಿತ್ತುಹೋಗಿತ್ತು. ಬಸ್ಸು ಕೆಟ್ಟ ಜಾಗದಿಂದ ನಡ್ಕೊಂಡೇ ಬಂದಿದ್ದ. ಎರಡೂ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದ."

"ಗೊತ್ತು."

"ಆಮೇಲೆ ನಾನು ಹೊಸಿಲು ತುಳೀಬೇಡ ಅಂದಾಗ್ಲೂ ನೀವು ನನ್ನ ಹಿಂದೇನೇ ನಿಂತಿದ್ರಿ."

ಅವನು ಕರಡನ್ನು ತನ್ನ ಕಡೆ ಎಳೆದುಕೊಂಡು, ಪ್ಯಾರಾದ ಪಕ್ಕದ ಖಾಲಿ ಅಂಚಿನಲ್ಲಿ, ತಪ್ಪಿಲ್ಲ ಎಂಬುದಕ್ಕೆ ಹಾಕುವ ಸಣ್ಣ ಕೆಂಪು ಗುರುತು ಹಾಕಿದ. ಹೆಂಡತಿ ಅದನ್ನು ನೋಡಿದಳು. ಎದ್ದು ಹೋಗಲಿಲ್ಲ, ಮುಂದಕ್ಕೆ ಓದಲೂ ಇಲ್ಲ. ಸಾಲು ಕಳೆದುಹೋಗದ ಹಾಗೆ ಮೂಲಪ್ರತಿಯ ಮೇಲಿಟ್ಟಿದ್ದ ಬೆರಳು ಅಲ್ಲೇ ಇತ್ತು, ಒತ್ತಿದ್ದರಿಂದ ಉಗುರು ಬೆಳ್ಳಗಾಗಿತ್ತು.